ಮೇಯರ್ ಸಾಹೇಬರ ಮೂಗು

ನಮ್ಮ ಮೇಷ್ಟ್ರು ಆನ್ಸೆಲ್ಮ್ ತಿಬೋ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ, ಬಾಯಿ ಬರುತ್ತಿರಲಿಲ್ಲ. ನನಗೂ ಅಷ್ಟೇ. ಆದರೂ ರೋನ್ ನದಿಯ ದಡದ ನಮ್ಮ ಊರಲ್ಲಿ ಅವರಷ್ಟು ಸೊಗಸಾಗಿ ಮಾತಾಡುವವರನ್ನು ನಾನು ಕಾಣಲಿಲ್ಲ. ಪ್ಯಾರಿಸ್ಸಿನಲ್ಲಿ ಕಲಿತು ಬಂದು, 1834ರಲ್ಲಿ ಒಂದು ಪಾಳು ಉಗ್ರಾಣದಲ್ಲಿ ಹನ್ನೊಂದು ಕಿವುಡ ಮಕ್ಕಳನ್ನು ಕೂರಿಸಿಕೊಂಡು ಪಾಠ ಶುರುಮಾಡಿದರು. ಬ್ರೆಡ್ ಅಂಗಡಿಯ ನನ್ನಪ್ಪ ಅಲ್ಲಿಯವರೆಗೆ ನನ್ನನ್ನು ಹಿಟ್ಟಿನ ಮೂಟೆಯ ಪಕ್ಕ ಕೂರಿಸಿ ಮರೆತುಬಿಡುತ್ತಿದ್ದ. ಮೂರನೇ ತಿಂಗಳು ನಾನು 'ಅಪ್ಪ' ಎಂದು ಬರೆದು ತೋರಿಸಿದೆ. ಅಂದಿನಿಂದ ಮೇಷ್ಟ್ರ ಮನೆಗೆ ದಿನಾ ಬಿಸಿ ಬ್ರೆಡ್ ಹೋಗತೊಡಗಿತು.

ನಮ್ಮ ಕೈಸನ್ನೆಯ ಮಾತಿನಲ್ಲಿ ಕಣ್ಣಿಗೆ ಕಂಡದ್ದೇ ಹೆಸರು. ನಾನು 'ಕೆನ್ನೆಯ ಹಿಟ್ಟು'. ಮೇಷ್ಟ್ರು 'ಹುಬ್ಬಿನ ಗಾಯ'. ಮೇಯರ್ ರುವಿಯೆ ಅವರಿಗೆ ಎರಡು ಬೆರಳು ಮೂಗಿಗೆ ಒತ್ತಿದರಾಯಿತು, 'ನಶ್ಯದ ಮೂಗು'. ಅದು ಬೈಗುಳವಲ್ಲ, ಬರೀ ಗುರುತು.

ನನಗೆ ಹತ್ತು ವರ್ಷವಾದಾಗ ಸರ್ಕಾರದ ತನಿಖಾಧಿಕಾರಿಯೊಬ್ಬ ಬಂದ. ಕಿವುಡನೊಬ್ಬ ಕಿವುಡರಿಗೆ ಕಲಿಸುವುದೆಂದರೇನು, ಮಕ್ಕಳೆಲ್ಲ ಬಾಯಿಪಾಠ ಒಪ್ಪಿಸುತ್ತಾರೆ ಎಂದು ಅವನ ತಕರಾರು. ಬಾಯಿಯೇ ಇಲ್ಲದ ನಮಗೆ ಬಾಯಿಪಾಠವಂತೆ! ಪುರಭವನದಲ್ಲಿ ಊರಿನ ಎದುರು ಪರೀಕ್ಷೆ. ಸೋತರೆ ಮೇಷ್ಟ್ರಿಗೆ ಗೇಟ್‌ಪಾಸ್, ಕಿವಿ ಕೇಳುವವನೊಬ್ಬ ಅವರ ಜಾಗಕ್ಕೆ.

ಮೊದಲ ಪ್ರಶ್ನೆಗಳಿಗೆಲ್ಲ ನಾವು ಸರಿಯಾಗಿಯೇ ಬರೆದೆವು. ಅಧಿಕಾರಿ ನಂಬಲಿಲ್ಲ. ಚೀಟಿಯೊಂದರ ಮೇಲೆ ತಾನೇ ಒಂದು ವಾಕ್ಯ ಗೀಚಿ ಮೇಷ್ಟ್ರಿಗೆ ಮಾತ್ರ ತೋರಿಸಿದ. ಮೇಷ್ಟ್ರು ಅದನ್ನು ಕೈಯಲ್ಲಿ ಹೇಳಿದರು, ನಾನು ಹಲಗೆಯ ಮೇಲೆ ಬರೆದೆ: 'ನಶ್ಯದ ಮೂಗಿನವರು ಬಡವರಿಗೆ ಆಸರೆ.'

ಸಭೆಯ ಭುಜಗಳೆಲ್ಲ ಕುಲುಕಿದವು. ಮುಂದಿನ ಸಾಲಿನಲ್ಲಿ ಮೇಯರ್ ಕೆಂಪಾಗಿ ಕೂತಿದ್ದರು. ಚೀಟಿಯಲ್ಲಿ ಇದ್ದದ್ದು 'ಮೇಯರ್ ರುವಿಯೆ' ಎಂದು. ಮೇಷ್ಟ್ರು ಗಡಿಬಿಡಿಯಲ್ಲಿ ಶಾಲೆಯಲ್ಲಿ ನಾವು ಕರೆಯುವ ಹೆಸರನ್ನೇ ಹೇಳಿಬಿಟ್ಟಿದ್ದರು. ನನಗಾದರೋ ಬೇರೆ ಹೆಸರು ಗೊತ್ತೇ ಇರಲಿಲ್ಲ. ನನ್ನಿಂದಾಗಿ ಮೇಷ್ಟ್ರ ಕೆಲಸ ಹೋಗುತ್ತದೆ ಎಂದು ಎದೆ ಒಡೆದುಹೋಯಿತು. ಅಳುತ್ತಾ ತೋಳಿನಿಂದ ಒರೆಸಲು ಹೋದೆ.

ಮೇಷ್ಟ್ರು ನನ್ನ ಕೈ ಹಿಡಿದುಕೊಂಡರು. ಆಮೇಲೆ ಬಿಟ್ಟು, ಎಲ್ಲರೆದುರೇ ಸಂಜ್ಞೆಯಲ್ಲಿ ಹೇಳಿದರು: "ಒರೆಸ್ಬೇಡ ಕಣೇ. ನಾನು ಹೇಳಿದ್ದನ್ನೇ ನೀನು ಬರ್ದಿದೀಯ."

ಹಲಗೆಯ ಕೆಳಗಡೆ ತಾವೇ ಬರೆದರು: ತಪ್ಪು ನನ್ನದು, ಮಕ್ಕಳು ಮೇಯರ್ ಅವರನ್ನು ಕರೆಯುವುದು ಹೀಗೆ, ಹುಡುಗಿ ನನ್ನ ಕೈಯನ್ನು ಸರಿಯಾಗಿಯೇ ಓದಿದ್ದಾಳೆ. ಸುಳ್ಳು ಹೇಳಿ ನನ್ನ ತಲೆಗೆ ಕಟ್ಟಬಹುದಿತ್ತು. ಹಾಗೆ ಮಾಡುವ ಮನುಷ್ಯನೇ ಅಲ್ಲ ಅವರು.

ಮೇಯರ್ ಎದ್ದು ಬಂದು ಹಲಗೆಯನ್ನು ಎರಡು ಸಲ ಓದಿದರು. ಸೀಮೆಸುಣ್ಣ ತೆಗೆದುಕೊಂಡು, ನಮಗೂ ತಿಳಿಯಲಿ ಎಂದು, ಅಧಿಕಾರಿಗೆ ಬರೆದೇ ಕೇಳಿದರು: "ಇಂಥದ್ದನ್ನ ಯಾವ ಮೇಷ್ಟ್ರು ಬಾಯಿಪಾಠ ಮಾಡಿಸ್ತಾನೆ ಸ್ವಾಮಿ?"

ಆಮೇಲೆ ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸಿದರು. ಅಧಿಕಾರಿ ಚೀಟಿ ಮಡಚಿಕೊಂಡ.

ಮೇಷ್ಟ್ರು ಇನ್ನೂ ಮೂವತ್ತೊಂದು ವರ್ಷ ನಮ್ಮ ಶಾಲೆಯಲ್ಲೇ ಕಲಿಸಿದರು. ಈಗ ಅಲ್ಲಿಯ ಹಲಗೆಯ ಮುಂದೆ ನಾನಿದ್ದೇನೆ. ಮಗುವೊಂದು ಹೆದರಿ ತಾನು ಬರೆದದ್ದನ್ನು ತೋಳಿನಿಂದ ಒರೆಸಲು ಹೋದರೆ, ತಪ್ಪೋ ಸರಿಯೋ ಆಮೇಲೆ ನೋಡುತ್ತೇನೆ, ಮೊದಲು ಅದರ ಕೈ ಹಿಡಿದುಕೊಳ್ಳುತ್ತೇನೆ.