ಎಂದೂ ತಪ್ಪದ ಲೆಕ್ಕ

ಹತ್ತು ಕಿಲೋಮೀಟರ್ ಎಷ್ಟು ಹೊತ್ತಿನಲ್ಲಿ ಓಡಿದೆ ಎಂದು ಹೇಳಿದರೆ ಸಾಕು, ಕಾಂಡಿಯೆ ಮೇಷ್ಟ್ರು ನಿಮ್ಮ ಅರ್ಧ ಮ್ಯಾರಥಾನಿನ ಸಮಯ ಹೇಳಿಬಿಡುತ್ತಿದ್ದರು. ಅರ್ಧದ್ದು ಹೇಳಿದರೆ ಅದನ್ನು ಇಮ್ಮಡಿ ಮಾಡಿ, ಮೇಲೆ ಏಳು ನಿಮಿಷ ಸೇರಿಸಿ, ಇಡೀ ಮ್ಯಾರಥಾನನ್ನೇ ಅಂಗೈಯಲ್ಲಿಡುತ್ತಿದ್ದರು. ಮೂವತ್ತು ವರ್ಷ ಗಣಿತ ಕಲಿಸಿ, ನಿವೃತ್ತರಾದ ಮೇಲೆ ತಮ್ಮೂರು ಇಟೆನ್‌ನ ಓಟಗಾರರಿಗೆ ತರಬೇತಿ ಕೊಡಲು ನಿಂತವರು. ಹತ್ತರಲ್ಲಿ ಆರು ಜನರ ವಿಷಯದಲ್ಲಿ ಆ ಲೆಕ್ಕ ಕೈಕೊಡುತ್ತಿತ್ತು. ಆಗ ಅವರು ಓಟಗಾರರನ್ನೇ ಬೈಯುತ್ತಿದ್ದರು.

ಜೆಮೆಲಿಯ ವಿಷಯದಲ್ಲಿ ಮಾತ್ರ ಅದು ಒಮ್ಮೆಯೂ ತಪ್ಪಿರಲಿಲ್ಲ. ಹತ್ತು ಕಿಲೋಮೀಟರಿಗೆ ಅವಳದು ಮೂವತ್ಮೂರು ನಿಮಿಷ. ಅರ್ಧ ಮ್ಯಾರಥಾನಿಗೆ ಒಂದು ಗಂಟೆ ಹನ್ನೆರಡು ನಿಮಿಷ ಐವತ್ತು ಸೆಕೆಂಡು ಬರುತ್ತದೆ ಎಂದರು ಮೇಷ್ಟ್ರು. ಎಲ್ಡೊರೆಟ್‌ನ ಪಂದ್ಯದಲ್ಲಿ ಓಡಿದಳು, ಎರಡೇ ಸೆಕೆಂಡಿನ ವ್ಯತ್ಯಾಸ! ಮೇಷ್ಟ್ರು ತಮ್ಮ ಲೆಕ್ಕದ ಪುಸ್ತಕದ ಆ ಪುಟವನ್ನು ಊರಿಗೆಲ್ಲ ತೋರಿಸಿಕೊಂಡು ಬಂದರು.

ಆ ಲೆಕ್ಕವೇ ಈಗ ಜೆಮೆಲಿಯ ಕುತ್ತಿಗೆಗೆ ಬಂದಿತ್ತು. ಹಾಲೆಂಡಿನ ಒಂದು ಮ್ಯಾರಥಾನಿಗೆ ಒಬ್ಬ ಹೆಂಗಸನ್ನು ಕಳಿಸುವ ಅವಕಾಶ ಮೇಷ್ಟ್ರ ಕೈಯಲ್ಲಿತ್ತು. ಜೆಮೆಲಿಯ ಪುಟದಲ್ಲಿದ್ದದ್ದು ಎರಡು ಗಂಟೆ ಮೂವತ್ತೆರಡು ನಿಮಿಷ ನಲವತ್ತು ಸೆಕೆಂಡು.

"ಎರಡು ಗಂಟೆ ಮೂವತ್ತೆರಡು ನಿಮಿಷದೋರು ಇಟೆನ್‌ನಲ್ಲಿ ಬೇಲಿಗೊಬ್ರು ಸಿಗ್ತಾರಮ್ಮ," ಎಂದಿದ್ದರು ಮೇಷ್ಟ್ರು. "ಆದ್ರೂ ಒಂದು ಕೆಲ್ಸ ಮಾಡೋಣ. ಮೊಯಿಬೆನ್ ರಸ್ತೇಲಿ ಮೂವತ್ತೆಂಟು ಕಿಲೋಮೀಟರ್ ಓಡು. ಎರಡು ಗಂಟೆ ಹದಿನೈದು ನಿಮಿಷದ ಒಳಗೆ ಬಂದ್ರೆ ನೀನೇ ಹೋಗು."

ಲೆಕ್ಕದ ಪ್ರಕಾರ ಆ ದೂರಕ್ಕೆ ಅವಳಿಗೆ ಹಿಡಿಯುವುದು ಎರಡು ಗಂಟೆ ಹದಿನೇಳೂವರೆ ನಿಮಿಷ. ವಯಸ್ಸು ಮೂವತ್ತೊಂದು. ಇದೂ ಆಗದಿದ್ದರೆ ಬೂಟು ಬಿಚ್ಚಿಟ್ಟು ಆಲೂಗಡ್ಡೆ ಹೊಲಕ್ಕೆ ಇಳಿಯುತ್ತೇನೆಂದು ಅವಳು ಗಂಡನಿಗೆ ಹೇಳಿಯಾಗಿತ್ತು.

ಗಂಡ ಕಿಪ್ಲಬಾಟ್ ಅವಳ ವೇಗಗಾರ. ನಮ್ಮ ಕಡೆ ಹೀಗೇ; ಹೆಂಡತಿ ಓಡುವವಳಾದರೆ ಗಂಡ ಮುಂದೆ ಓಡಿ ದಾರಿ ಮಾಡುತ್ತಾನೆ, ಗಾಳಿ ತಡೆಯುತ್ತಾನೆ, ಗಡಿಯಾರ ನೋಡುತ್ತಾನೆ. ಅವಳು ಅವನ ಭುಜದ ಹಿಂದೆ ಇರುತ್ತಾಳೆ. ಕಿಪ್ಲಬಾಟ್ ಹರೆಯದಲ್ಲಿ ಚುರುಕಿನ ಓಟಗಾರನೇ. ಆದರೆ ಎರಡು ಸಲ ಮ್ಯಾರಥಾನಿಗೆ ಹೋಗಿ, ಎರಡೂ ಸಲ ಮೂವತ್ತು ಕಿಲೋಮೀಟರಿಗೆ ಕಾಲು ಕಟ್ಟಿ ರಸ್ತೆ ಬದಿಯಲ್ಲಿ ಕೂತವನು. ತನಗಾದದ್ದು ಹೆಂಡತಿಗೆ ಆಗಬಾರದು ಎಂಬುದೇ ಅವನಿಗೆ ಹಗಲಿರುಳೂ ಚಿಂತೆ.

ಬೆಳಿಗ್ಗೆ ಆರಕ್ಕೆ ಹೊರಟರು. ಚಳಿ ಕೊರೆಯುತ್ತಿತ್ತು, ಕೆಂಪು ರಸ್ತೆ ಇನ್ನೂ ಇಬ್ಬನಿಗೆ ಒದ್ದೆಯಾಗಿತ್ತು. ಹಿಂದೆ ಬೋವೆನ್ ಓಡಿಸುವ ಪಿಕಪ್ಪು, ಅದರಲ್ಲಿ ಪುಸ್ತಕ ಹಿಡಿದ ಮೇಷ್ಟ್ರು. ಕಿಪ್ಲಬಾಟ್ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡಿದ್ದ: ಇಪ್ಪತ್ತೈದರವರೆಗೆ ಲೆಕ್ಕದ ವೇಗ, ಆಮೇಲೆ ದೇವರಿಟ್ಟ ಹಾಗೆ. ಕಿಲೋಮೀಟರಿಗೆ ಮೂರು ನಿಮಿಷ ಮೂವತ್ತೇಳು ಸೆಕೆಂಡು. ಒಂದು ಸೆಕೆಂಡೂ ಆಚೀಚೆ ಇಲ್ಲ.

ಇಪ್ಪತ್ತೈದನೆಯ ಕಲ್ಲು ದಾಟುವಾಗ ಅವನ ಎದೆ ತಿದಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಗಡಿಯಾರ ನೋಡಿದ. ಎರಡು ಗಂಟೆ ಹದಿನೈದಕ್ಕೆ ಮುಟ್ಟಲು ಬೇಕಾದ್ದಕ್ಕಿಂತ ಒಂದು ನಿಮಿಷ ನಲವತ್ತು ಸೆಕೆಂಡು ಹಿಂದೆ. ಮುಗಿಯಿತು ಎಂದುಕೊಂಡ.

ಆಗ ಭುಜದ ಹಿಂದಿನಿಂದ, ಮಗಳ ಹೆಸರು ಹಿಡಿದು ಅವನನ್ನು ಕರೆಯುವ ಮಾತು ಬಂತು. "ಚೆಪ್ತೂ ಅಪ್ಪ, ಕೋಳಿಗೂಡಿನ ಬಾಗ್ಲು ಹಾಕಿದ್ರಾ?"

ಅಂಗಳದಲ್ಲಿ ಕೂತು ಸೊಪ್ಪು ಸೋಸುವವಳ ಧ್ವನಿ ಅದು. ಏದುಸಿರಿಲ್ಲ, ತಡವರಿಕೆಯಿಲ್ಲ. ಕಿಪ್ಲಬಾಟ್ ತಿರುಗಿ ನೋಡಿದ. ಅವಳ ಹಣೆಯ ಮೇಲೆ ನೆಟ್ಟಗೆ ಬೆವರೂ ಇರಲಿಲ್ಲ.

"ನಿಂಗೆ... ಆಯಾಸ... ಆಗ್ತಿಲ್ವಾ?"

"ಅಷ್ಟೇನಿಲ್ಲ."

"ಎಲ್ಡೊರೆಟ್‌ನಲ್ಲೂ... ಹಿಂಗೇ ಇದ್ಯಾ?"

"ಹ್ಞೂಂ. ನೀವು ತುಂಬಾ ಏದ್ತಿದ್ರಿ, ಅದಕ್ಕೇ ಮಾತಾಡ್ಲಿಲ್ಲ."

"ಮುಂದೆ ಹೋಗ್ಬೇಕಿತ್ತಲ್ವೇನೇ!"

"'ನನ್ ಭುಜ ದಾಟ್ಬೇಡ' ಅಂದೋರು ಯಾರು? ಮೇಷ್ಟ್ರು ಹೇಳಿದ್ ಹೊತ್ತಿಗೆ ಸರಿಯಾಗಿ ಮುಟ್ಟಿಸ್ತೀನಿ ಅಂದ್ರಿ. ಮುಟ್ಟಿಸಿದ್ರಿ."

ಕಿಪ್ಲಬಾಟ್‌ಗೆ ನೆತ್ತಿಯ ಮೇಲೆ ಯಾರೋ ಮೊಟಕಿದಂತಾಯಿತು. ಎಲ್ಡೊರೆಟ್‌ನ ಸಮಯ, ಅದರ ಹಿಂದಿನ ವರ್ಷದ ಸಮಯ, ಮೇಷ್ಟ್ರ ಪುಸ್ತಕದಲ್ಲಿದ್ದದ್ದು ಪೂರ್ತಿ ಅವನದೇ! ಮೇಷ್ಟ್ರು ಹೇಳುತ್ತಿದ್ದರು, ಇವನು ಗಡಿಯಾರ ನೋಡಿಕೊಂಡು ಅದನ್ನೇ ಓಡುತ್ತಿದ್ದ, ಅವಳು ಹಿಂದೆ ಬರುತ್ತಿದ್ದಳು. ಲೆಕ್ಕ ತಪ್ಪುವುದಾದರೂ ಹೇಗೆ? ಕಿಪ್ಲಬಾಟ್ ಇಲ್ಲದಿದ್ದರೆ ಜೆಮೆಲಿ ಎಲ್ಲಿ ಎಂದು ಜನ ಚಹಾ ಅಂಗಡಿಯಲ್ಲಿ ಹೊಗಳುವಾಗ ಅವನು ನಾಲ್ಕು ವರ್ಷ ಎದೆಯುಬ್ಬಿಸಿ ಕೂತಿದ್ದ. ಈಗ ಸುಮ್ಮನಿದ್ದರೆ ಆ ಹೊಗಳಿಕೆ ಉಳಿಯುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಹೋಗು," ಎಂದ.

"ಎಲ್ಲಿಗೆ?"

"ಮುಂದಕ್ಕೆ ಕಣೇ! ನನ್ನ ಬಿಟ್ಟು ಹೋಗು!"

"ವೇಗ ಯಾರು ಹೇಳ್ತಾರೆ? ನಂಗೆ ಒಬ್ಳೇ ಓಡಿ ಗೊತ್ತಿಲ್ಲ."

ಇನ್ನು ಮಾತಾಡಲು ಅವನಲ್ಲಿ ಉಸಿರಿರಲಿಲ್ಲ. ರಸ್ತೆಯ ನಟ್ಟನಡುವೆ ನಿಂತುಬಿಟ್ಟ. ಜೆಮೆಲಿ ಅವನನ್ನು ದಾಟಿ ಹತ್ತು ಹೆಜ್ಜೆ ಹೋಗಿ ತಿರುಗಿದಳು. "ಹಿಂದೆ ನೋಡಿದ್ರೆ ನೋಡು ಮತ್ತೆ!" ಎಂದು ಅವನು ಕೂಗಿದ ಕೂಗಿಗೆ ಬೇಲಿಯಾಚೆಯ ಕುರಿಗಳು ಚದುರಿದವು. ಅವಳು ಮುಂದಕ್ಕೆ ತಿರುಗಿದಳು, ಹೋದಳು.

ಪಿಕಪ್ಪು ಬಂದು ಕಿರ್ರನೆ ನಿಂತಿತು. ಮೇಷ್ಟ್ರು ಕಿಟಕಿಯಿಂದ ತಲೆ ಹಾಕಿದರು. "ಏನಯ್ಯಾ, ಇಲ್ಲೂ ಕೂರೋಕೆ ಬಂದ್ಯಾ? ಅವ್ಳ ಓಟ ಕೆಡಿಸ್ದಲ್ಲೋ!"

"ಇಷ್ಟು ದಿನ ಕೆಡಿಸ್ದೆ ಮೇಷ್ಟ್ರೇ! ಬೋವೆನ್, ಬಿಡು ಗಾಡಿ, ಅವಳ ಹಿಂದೆ ಬಿಡು!" ಎಂದು ಅವನು ಹಿಂದಿನಿಂದ ಹತ್ತಿದ.

ಬೋವೆನ್ ಗೇರು ಬದಲಿಸಿದ. ಮೀಟರಿನ ಮುಳ್ಳನ್ನು ನೋಡಿ ಸಿಳ್ಳೆ ಹಾಕಿದ. "ಇಷ್ಟೊತ್ತು ಹದಿನಾರೂವರೇಲಿ ಬರ್ತಿದ್ದೆ. ಈಗ ಹದಿನೆಂಟು. ಅದೂ ಏರಲ್ಲಿ! ಕಿಪ್ಲಬಾಟ್, ನೀನು ವೇಗಗಾರನೋ ಬ್ರೇಕೋ?"

ಬೇರೆ ದಿನವಾಗಿದ್ದರೆ ಕಿಪ್ಲಬಾಟ್ ಜಗಳಕ್ಕೆ ನಿಲ್ಲುತ್ತಿದ್ದ. ಇವತ್ತು ಜೋರಾಗಿ ನಕ್ಕುಬಿಟ್ಟ. ಡ್ರೈವರನ ಹಿಂದಿನ ಕಂಡಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿದ. "ಆ ಪುಟದಲ್ಲಿರೋದು ಅವಳ ಸಮಯ ಅಲ್ಲ ಮೇಷ್ಟ್ರೇ, ನಂದು. ನೀವು ಬರೆದದ್ದನ್ನ ನಾನು ನಿಜ ಮಾಡ್ಕೊಂಡು ಬಂದೆ."

ಮೇಷ್ಟ್ರು ಪುಟವನ್ನೊಮ್ಮೆ, ಮುಂದೆ ಓಡುತ್ತಿದ್ದವಳನ್ನೊಮ್ಮೆ ನೋಡಿದರು. ಮೂವತ್ತನೆಯ ಕಲ್ಲು ಬಂತು. "ನಲವತ್ತು ಸೆಕೆಂಡು ಹಿಂದೆ," ಎಂದರು. ಜೆಮೆಲಿಯ ಹೆಜ್ಜೆ ಒಂದೇ ಸಮನೆ ಬೀಳುತ್ತಿತ್ತು, ಇಬ್ಬನಿ ಆರಿದ ರಸ್ತೆಯಿಂದ ಅವಳೆಬ್ಬಿಸಿದ ಕೆಂಪು ದೂಳು ಪಿಕಪ್ಪಿನ ಮೇಲೆ ಕೂರುತ್ತಿತ್ತು. ತನ್ನ ಕಾಲು ಕಟ್ಟುತ್ತಿದ್ದ ದೂರವನ್ನು ಅವಳು ಸಲೀಸಾಗಿ ದಾಟಿದ್ದನ್ನು ನೋಡಿ ಕಿಪ್ಲಬಾಟ್‌ನ ಕಣ್ಣು ತುಂಬಿತು. ಪಿಕಪ್ಪಿನ ತಗಡು ಬಡಿಯತೊಡಗಿದ. ಮೂವತ್ತೈದರಲ್ಲಿ ಮೇಷ್ಟ್ರೇ ಎದ್ದು ನಿಲ್ಲಲು ಹೋಗಿ ತಲೆ ಚಚ್ಚಿಕೊಂಡರು. "ಇಪ್ಪತ್ತು ಸೆಕೆಂಡು ಮುಂದೆ! ಮುಂದೆ ಕಣ್ರಯ್ಯಾ!"

ಎರಡು ಗಂಟೆ ಹದಿಮೂರು ನಿಮಿಷ ಐವತ್ತೆಂಟು ಸೆಕೆಂಡಿಗೆ ಅವಳು ಕೊನೆಯ ಕಲ್ಲು ಮುಟ್ಟಿದಳು. ಮುಟ್ಟಿ, ಮಂಡಿಗೆ ಕೈಯೂರಿ ನಿಂತಳು. ಗಾಡಿ ನಿಲ್ಲುವ ಮೊದಲೇ ಕಿಪ್ಲಬಾಟ್ ಜಿಗಿದು ಓಡಿ ಬಂದು ಸಮಯ ಹೇಳಿದ. ನೀನೇ ಹೋಗ್ತೀಯ ಎಂದ. ಇನ್ನೊಂದು ಸಲ ಹೇಳಿದ.

ಜೆಮೆಲಿ ನಗಲು ಶುರು ಮಾಡಿದಳು. ನಗು ಅರ್ಧಕ್ಕೆ ನಿಂತಿತು. "ಹಂಗಾದ್ರೆ ಈ ನಾಲ್ಕು ವರ್ಷ?" ಎಂದಳು.

"ಹೆದರಿದ್ದೆ," ಎಂದ. "ನೀನೂ ನನ್ನ ಹಾಗೆ ರಸ್ತೇಲಿ ಕೂರ್ತೀಯ ಅಂತ."

ಅವಳು ಬಾಟಲಿ ಕಿತ್ತುಕೊಂಡು ನೀರು ಕುಡಿದಳು. ಉಳಿದ ನೀರನ್ನು ಅವನ ಮುಖಕ್ಕೇ ಎರಚಿದಳು. ಸಿಟ್ಟಿತ್ತು, ಆದರೂ ತುಟಿಯ ಅಂಚಿನಲ್ಲಿ ನಗು ಮತ್ತೆ ಹಣಕುತ್ತಿತ್ತು.

ಅಷ್ಟರಲ್ಲಿ ಮೇಷ್ಟ್ರು ಹೊಸ ಪುಟ ತೆರೆದು ಪೆನ್ಸಿಲ್ ಚೀಪುತ್ತ ಬಂದರು. "ಹದಿಮೂರು ಕಿಲೋಮೀಟರನ್ನ ಈ ವೇಗದಲ್ಲಿ ಓಡಿದ್ಲು ಅಂದ್ರೆ... ಹಾಲೆಂಡಲ್ಲಿ ಇವ್ಳು ಓಡೋದು ಎರಡು ಗಂಟೆ..."

ಜೆಮೆಲಿ ಬೆವರುಗೈಯನ್ನು ಪುಟದ ಮೇಲೆ ಚಪ್ಪೆಂದು ಇಟ್ಟಳು.

"ಬರೀಬೇಡಿ ಮೇಷ್ಟ್ರೇ. ಓಡಿ ಬಂದು ನಾನೇ ಹೇಳ್ತೀನಿ."