ಒಂದೇ ತರಹದ ಬೋಲ್ಟುಗಳು

ಬೋಲ್ಟುಗಳು ಹೊಳೆಯುತ್ತಿದ್ದವು. ಬೆಳಿಗ್ಗೆ ಅವನು ಕಾಲೇಜಿಗೆ ಹೊರಟಾಗ ಎಲ್ಲವೂ ಜಿಡ್ಡು ಹಿಡಿದು ಕರ್ರಗಿದ್ದವು.

ಬೈಕಿನ ಎಂಜಿನ್ ಕವರ್ ಬಿಚ್ಚುವ ಮೊದಲು ಅವನು ಅದರ ಆಕಾರವನ್ನು ರಟ್ಟಿನ ಮೇಲೆ ಬರೆದು, ತೂತು ಕೊರೆದು, ಕಳಚಿದ ಒಂದೊಂದು ಬೋಲ್ಟನ್ನೂ ಅದರದೇ ಜಾಗದಲ್ಲಿ ಚುಚ್ಚಿಟ್ಟಿದ್ದ. ನೋಡಲು ಎಲ್ಲ ಒಂದೇ ತರಹ; ಉದ್ದದಲ್ಲಿ ಮಾತ್ರ ತುಸು ಹೆಚ್ಚುಕಡಿಮೆ. ಗಿಡ್ಡದರ ಜಾಗಕ್ಕೆ ಉದ್ದದ್ದು ಹೋದರೆ ತಳ ಮುಟ್ಟಿ ನಿಂತುಬಿಡುತ್ತದೆ. ಇನ್ನೂ ತಿರುಗಿಸಿದರೆ ಒಳಗೆ ಬಿರುಕು. ತರ್ಕಶಾಸ್ತ್ರ ಕಲಿಸುವ ಅವನಿಗೆ, ಜಗತ್ತಿನಲ್ಲಿ ಕಣ್ಣುಮುಚ್ಚಿ ನಂಬಬಹುದಾದದ್ದು ಈ ರಟ್ಟೊಂದೇ ಎಂದು ಈಚೆಗೆ ಅನ್ನಿಸತೊಡಗಿತ್ತು.

"ಇದನ್ನ ಮುಟ್ಟಿದ್ಯಾ?"

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಉಗುರಿನ ಸಂದಿಯಲ್ಲಿ ಕಪ್ಪು. ಮುಖದಲ್ಲಿ ಅವನು ಮರೆತೇಹೋಗಿದ್ದ ನಗು.

"ಸೀಮೆಎಣ್ಣೇಲಿ ತೊಳೆದೆ ಕಣ್ರೀ. ಮಧ್ಯಾಹ್ನ ಪೂರ್ತಿ ಅದೇ ಆಯ್ತು. ಒಂದೂ ಕಳೆದಿಲ್ಲ, ಮತ್ತೆ ಎಲ್ಲಾ ತೂತಿಗೂ ಚುಚ್ಚಿಟ್ಟಿದ್ದೀನಿ."

"ಯಾವ್ದು ಎಲ್ಲಿತ್ತು ಅಂತ..."

"ಎಲ್ಲಾ ಒಂದೇ ಅಲ್ವಾ?"

ತಿಂಗಳುಗಳಿಂದ ಆ ಮನೆಯಲ್ಲಿ ಮಾತೆಂದರೆ ಹಾಲು, ಬೀಗದ ಕೈ, ಆರಿಸದೆ ಬಿಟ್ಟ ಫ್ಯಾನು. ಜಗಳವೇನೂ ಆಗಿರಲಿಲ್ಲ, ಆಗಿದ್ದರೆ ರಾಜಿಗೊಂದು ನೆಪವಾದರೂ ಸಿಗುತ್ತಿತ್ತು. ಈಗ ಅವಳಾಗಿಯೇ ಒಂದು ಹೆಜ್ಜೆ ಮುಂದೆ ಬಂದಿದ್ದಾಳೆ. ಅದೇ ತಪ್ಪು ಹೆಜ್ಜೆ ಎಂದುಬಿಟ್ಟರೆ ಇನ್ನೊಂದು ಇಡಲಾರಳು. ಅವನಿಗೆ ಭಯವಾಯಿತು.

"ಹೂಂ, ಒಂದೇ," ಎಂದ.

"ಹಾಗಾದ್ರೆ ಜೋಡ್ಸಿ. ನಾಳೆ ಇಬ್ರೂ ಹೋಗ್ಬರೋಣ."

"ಎಲ್ಲಿಗೆ?"

"ಎಲ್ಲಿಗಾದ್ರೂ."

ಒಂದೊಂದನ್ನೂ ಅಳೆದು ನೋಡಬಹುದಿತ್ತು. ಅವಳೆದುರು ಅಳೆಯುವುದೆಂದರೆ ಅವಳ ಇಡೀ ಮಧ್ಯಾಹ್ನವನ್ನು ತಪ್ಪೆಂದು ಸಾಧಿಸಿ ತೋರಿಸಿದಂತೆ. ಆ ವಿದ್ಯೆಯಲ್ಲಿ ಅವನು ಪಳಗಿದವನು. ಇವತ್ತು ಬೇಡವೆನ್ನಿಸಿತು.

ಅವಳು ಟಾರ್ಚ್ ಹಿಡಿದು ಪಕ್ಕದಲ್ಲೇ ಕೂತಳು. ಭುಜಕ್ಕೆ ಭುಜ ತಾಗಿತು. ಅವಳು ರಟ್ಟಿನಿಂದ ಬೋಲ್ಟುಗಳನ್ನು ಒಂದೊಂದಾಗಿ ಕಿತ್ತು ಕೊಟ್ಟಳು. ಅವಳು ತೋರಿಸಿದ ತೂತಿಗೇ ಅವನು ಹಾಕಿದ. ಮೊದಲಿನವು ಸಲೀಸಾಗಿ ಕೂತವು. ತಾನೇ ಸುಮ್ಮನೆ ಹೆದರಿದೆನೇನೋ ಎಂದುಕೊಂಡ. ಖುಷಿಯೂ ಆಯಿತು.

ಮುಂದಿನದು ನಿಂತುಬಿಟ್ಟಿತು. ಬೋಲ್ಟಿನ ತಲೆಗೂ ಕವರಿಗೂ ನಡುವೆ ಉಗುರು ತೂರುವಷ್ಟು ಸಂದು.

"ಬಿಗಿಯಾಯ್ತಾ?"

"ಇನ್ನು ಸ್ವಲ್ಪ."

ಬಿಚ್ಚಿದರೆ ಯಾಕೆಂದು ಹೇಳಬೇಕು. ತಿರುಗಿಸಿದರೆ ಒಡೆಯುತ್ತದೆ. ಅವನು ಸ್ಪ್ಯಾನರ್ ಬಿಡಲಿಲ್ಲ, ತಿರುಗಿಸಲೂ ಇಲ್ಲ. ತಿರುಗಿಸುವವನ ಹಾಗೆ ಮುಖ ಮಾತ್ರ ಬಿಗಿದುಕೊಂಡ.

ಚೆನ್ನಾಗಿ ಕಾಣಲೆಂದು ಅವಳು ಟಾರ್ಚನ್ನು ಇನ್ನಷ್ಟು ಹತ್ತಿರ ತಂದಳು. ಬೆಳಕು ಆ ಸಂದಿನೊಳಗೆ ಹೊಕ್ಕು, ಆಚೆ ಬದಿಯಿಂದ ಹೊರಟು, ಅವನ ಎಡ ಅಂಗೈ ಮೇಲೆ ತೆಳ್ಳನೆಯ ಗೆರೆಯಾಗಿ ಬಿತ್ತು.