ಸೊನ್ನೆ ಕೊಟ್ಟ ಮಾತು

"ಮೂವತ್ತೆರಡು. ಪಾಸಾಗಾಕ ಮೂವತ್ತೈದು ಬೇಕು," ಎಂದು ಜಗದೇವಪ್ಪ ಮಾಸ್ತರು ಉತ್ತರಪತ್ರಿಕೆಯನ್ನು ಮೋನಮ್ಮನ ಮುಂದೆ ಎಸೆದರು.

ಮೋನಮ್ಮ ಹಾಳೆ ತಿರುವಿದಳು. ಆಮ್ಲದ ನಾಲ್ಕು ಗುಣ ಕೇಳಿದ್ದರು, ನಾಲ್ಕನ್ನೂ ಬರೆದಿದ್ದಳು. ಆದರೆ ಆಮ್ಲ ಎನ್ನಬೇಕಾದಲ್ಲೆಲ್ಲ ಉರ್ದುವಿನ ತೇಜಾಬ್ ಎಂದಿತ್ತು. ಅದರ ಮೇಲೆ ಕೆಂಪು ಪೆನ್ಸಿಲ್ಲಿನ ಸೊನ್ನೆ, ರೊಟ್ಟಿಯಷ್ಟು ಅಗಲ.

"ಉತ್ತರ ಖರೇ ಐತಲ್ರಿ ಸರ?"

"ಉತ್ತರ ಖರೇ, ಭಾಷಾ ಹೊಲಸು. ನಿಜಾಮನ ರಾಜ್ಯ ಹೋಗಿ ಐದು ವರ್ಷ ಆತು, ನಿಮ್ಮ ಬಾಯಾಗಿಂದ ಅಂವ ಇನ್ನೂ ಹೋಗವಲ್ಲ. ಮೊಗಲಾಯಿ ಮಂದಿ!"

ಸುರಪುರದ ಸಾಲೆ ಉರ್ದು ಬಿಟ್ಟು ಕನ್ನಡಕ್ಕೆ ಹೊರಳಿದಾಗ ವಿಜ್ಞಾನ ಕಲಿಸಲು ಧಾರವಾಡದ ಕಡೆಯಿಂದ ಬಂದವರು ಈ ಮಾಸ್ತರು. ಇಲ್ಲಿಯ ನೀರು ಉಪ್ಪು, ರೊಟ್ಟಿ ದಪ್ಪ, ಮಂದಿಯ ತಲೆ ಇನ್ನೂ ದಪ್ಪ ಎಂದು ದಿನಕ್ಕೊಮ್ಮೆಯಾದರೂ ಅನ್ನದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಉರಿಬಿಸಿಲಲ್ಲೂ ಕೋಟು ಬಿಚ್ಚದ ಅವರನ್ನು ನೋಡಿದರೆ ಮೋನಮ್ಮನಿಗೆ ಸುಟ್ಟ ಬದನೆಕಾಯಿಯ ನೆನಪಾಗುತ್ತಿತ್ತು. ಆದರೆ ಆ ಬದನೆಕಾಯಿಯ ಕೈಯಲ್ಲೇ ಅವಳ ಮೂರು ಮಾರ್ಕು ಇದ್ದವು. "ಪಾಸಾದ್ರ ಸಾಲಿ, ಫೇಲಾದ್ರ ಕುರಿ," ಎಂದು ಅಪ್ಪ ಸಾಬಣ್ಣ ಯುಗಾದಿಯ ದಿನವೇ ಹೇಳಿಬಿಟ್ಟಿದ್ದ.

ಮಾಸ್ತರು ಪ್ರಯೋಗದ ಕಪಾಟು ತೆರೆದರು. ಹಳೆಯ ಮಾಸ್ತರು ಬಿಟ್ಟುಹೋದ ಬಾಟಲಿಗಳು, ಎಲ್ಲದರ ಮೇಲೂ ಉರ್ದು ಚೀಟಿ. "ಇರಿವಿ ಸಾಲು," ಎಂದು ಮೂಗು ಮುರಿದು, ಯಾರನ್ನೂ ಕೇಳದೆ, ನೀರಿನಂತೆ ತಿಳಿಯಾಗಿದ್ದ ಒಂದನ್ನು ಎತ್ತಿ ಗ್ಲಾಸಿಗೆ ಬಗ್ಗಿಸಿದರು.

"ಇದು ಸುಣ್ಣದ ತಿಳಿನೀರು. ಉಸುರು ಊದಿದ್ರ ಹಾಲಿನಂಗ ಆಗ್ತದ. ಗಟ್ಟ್ಯಾಗಿ ಅನ್ರಿ, ಏನು?"

"ಸುಣ್ಣದ ತಿಳಿನೀರು!" ತರಗತಿ ಒದರಿತು.

ಮೋನಮ್ಮ ಅನ್ನಲಿಲ್ಲ. ನಾಲ್ಕನೆಯ ಇಯತ್ತೆಯವರೆಗೆ ಉರ್ದುವಿನಲ್ಲೇ ಓದಿದ ಅವಳ ಕಣ್ಣು ಚೀಟಿಯ ಮೇಲಿತ್ತು: ಗಂಧಕ್ ಕಾ ತೇಜಾಬ್.

ಮಾಸ್ತರು ಪಪ್ಪಾಯಿ ಎಲೆಯ ಟೊಳ್ಳು ದೇಟನ್ನು ಗ್ಲಾಸಿನಲ್ಲಿ ಅದ್ದಿ, ತುದಿಗೆ ಬಾಯಿ ತಂದರು. ಅಜ್ಜಿಯ ಕತೆಯಲ್ಲಿ ಬ್ರಹ್ಮರಾಕ್ಷಸ ಮಣಿಯುತ್ತಿದ್ದುದು ಅದರ ಹೆಸರು ಬಲ್ಲವರಿಗೆ ಮಾತ್ರ. ಉಳಿದವರನ್ನು ಅದು ನುಂಗಿ ನೀರು ಕುಡಿಯುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ಮೋನಮ್ಮ ಸುಮ್ಮನೆ ನೋಡಿದಳು. ನುಂಗಲಿ ಅನ್ನಿಸಿತು.

"ಸರ," ಎಂದಳು ಆಮೇಲೆ. "ಅದರಾಗ ಇರೋದು ನೀವು ಸೊನ್ನಿ ಕೊಟ್ಟ ಮಾತು ಐತ್ರಿ."

"ಏನಂದಿ?"

ಮಾಸ್ತರು ದೇಟನ್ನು ಗ್ಲಾಸಿನಿಂದ ಹೊರಗೆಳೆದು ಅವಳ ಕಡೆ ತಿರುಗಿದರು. ತುದಿಯಿಂದ ಒಂದು ಹನಿ ಶಹಾಬಾದ ಫರಸಿಯ ಮೇಲೆ ಬಿದ್ದು ಬುಸುಗುಟ್ಟಿತು. ಬೆಳ್ಳನೆಯ ನೊರೆ ಎದ್ದು, ಕಲ್ಲಿನಲ್ಲಿ ಕಾಸಿನಗಲದ ಕಲೆ ಉಳಿಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಗಂಟೆಯಾಗಿ ಎಲ್ಲರೂ ಹೋದ ಮೇಲೆ ಮಾಸ್ತರು ಅವಳನ್ನು ನಿಲ್ಲಿಸಿಕೊಂಡರು. ಕಪಾಟಿನ ಕಡೆ ಗದ್ದ ಎತ್ತಿ, "ಉಳಿದದ್ದರ ಮ್ಯಾಲ ಏನು ಬರದೈತಿ, ಓದು," ಎಂದರು.

ಮೋನಮ್ಮ ಬಾಟಲಿ ನೋಡಲಿಲ್ಲ. ಕೈಯಲ್ಲಿದ್ದ ಹಾಳೆಯ ಸೊನ್ನೆಯನ್ನು ನೋಡಿದಳು. ನೋಡುತ್ತಲೇ ನಿಂತಳು.

ಮಾಸ್ತರು ಹಾಳೆ ಕಸಿದುಕೊಂಡು ಸೊನ್ನೆ ಹೊಡೆದುಹಾಕಿ ಮೂರು ಎಂದು ಗೀಚಿದರು. "ನಾಲ್ಕಲ್ಲ. ಭಾಷಾದ್ದು ಒಂದು ಹೋತು."

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪಾಟಿಚೀಲದ ತಳಕ್ಕೆ ತುರುಕಿದಳು. ಆಮೇಲಷ್ಟೇ ಮೊದಲ ಬಾಟಲಿ ಎತ್ತಿದಳು.

"ಚೂನೇ ಕಾ ಪಾನಿ. ನಿಮ್ಮ ಸುಣ್ಣದ ತಿಳಿನೀರು ಇದು."

"ಚೂನೇ..." ಎಂದು ಮಾಸ್ತರು ಗೊಣಗಿದರು.

"ಗಟ್ಟ್ಯಾಗಿ ಅನ್ರಿ, ಸರ."

"ಚೂನೇ ಕಾ ಪಾನಿ."

ಅವರು ಒಂದು ಚೂರು ಕಾಗದ ತೆಗೆದು, ಚೀಟಿಯ ಅಕ್ಷರಗಳನ್ನು ನೋಡಿ ಬರೆದುಕೊಳ್ಳಲು ಬಗ್ಗಿದರು. ಪೆನ್ಸಿಲ್ಲನ್ನು ಎಡಗಡೆಯ ಅಂಚಿಗೆ ಊರಿದರು.

"ಉರ್ದು ಆ ಕಡಿಂದ ಅಲ್ರಿ," ಎಂದಳು ಮೋನಮ್ಮ. "ಈ ಕಡಿಂದ."

ಕೆಂಪು ಪೆನ್ಸಿಲ್ಲು ಕಾಗದ ದಾಟಿ ನಿಧಾನಕ್ಕೆ ಬಲಗಡೆಗೆ ಸರಿಯಿತು.